ಕೊಂಬಿನ ಹಿಡಿಕೆ, ಜಾಲಿಯ ಹಿಡಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಚಾಕು, ಕುಡಗೋಲುಗಳ ಹಿಡಿಕೆಯ ವಿಷಯವೇ ಹೆಚ್ಚು. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಲಗಿನ ಹಿಂದೆ ಹಿಡಿಕೆಯೊಳಗೆ ಇಳಿಯುವ ಸಪೂರ ಭಾಗವನ್ನು ಕೆಳಗೆ ‘ಬಾಲ’ ಎಂದೂ, ಅಲಗು ಮುಗಿದು ಬಾಲ ಶುರುವಾಗುವ ಮೂಲೆಯನ್ನು ‘ಹೆಗಲು’ ಎಂದೂ ಕರೆದಿದ್ದೇವೆ.

ಪ್ರಶ್ನೆ: ಜಿಂಕೆ ಕೊಂಬಿನ ಹಿಡಿಕೆ ಇರುವ ಚಾಕುಗಳನ್ನು ವಿಡಿಯೋಗಳಲ್ಲಿ ನೋಡಿದ್ದೇನೆ. ನಮ್ಮ ಹೊಲಗಳಿಗೆ ಜಿಂಕೆಗಳು ಹಿಂಡುಹಿಂಡಾಗಿ ಬರುತ್ತವೆ. ಉದುರಿ ಬಿದ್ದ ಕೊಂಬು ಸಿಕ್ಕರೆ ಹಿಡಿಕೆ ಮಾಡಬಹುದೆ? ಅದಕ್ಕೆ ಬಾಲ ಕೂರಿಸುವುದು ಹೇಗೆ?
(ಕುಕನೂರು, ಕೊಪ್ಪಳ ಜಿಲ್ಲೆ)

ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಕೊಂಬು, ಉಗುರು, ಹಲ್ಲು ಯಾವುದೇ ಇರಲಿ, ಅದು ಸರ್ಕಾರದ ಸ್ವತ್ತು. ಪ್ರಾಣಿಯನ್ನು ಕೊಂದು ತೆಗೆದದ್ದಲ್ಲ, ನೆಲದಲ್ಲಿ ಬಿದ್ದು ಸಿಕ್ಕಿದ್ದು ಎಂದರೂ ಇಟ್ಟುಕೊಳ್ಳಲು ಬರುವುದಿಲ್ಲ. ನಿಮ್ಮ ಹೊಲಕ್ಕೆ ಬರುವುದು ಕೃಷ್ಣಮೃಗ. ಅದು ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಶಿಕ್ಷೆ 3ರಿಂದ 7 ವರ್ಷ ಜೈಲು. ಇನ್ನೊಂದು ವಿಷಯ: ಕೃಷ್ಣಮೃಗದ ಕೊಂಬು ಉದುರುವುದೇ ಇಲ್ಲ. ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುವುದು ಚುಕ್ಕೆಜಿಂಕೆ, ಕಡವೆಗಳ ಕವಲುಗೊಂಬು. ಆದ್ದರಿಂದ ಹೊಲದಲ್ಲಿ ಕೃಷ್ಣಮೃಗದ ಕೊಂಬು ಕಂಡರೆ ಅಲ್ಲೊಂದು ಪ್ರಾಣಿ ಸತ್ತಿದೆ ಎಂದೇ ಅರ್ಥ. ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತೇವೆ, ಏಕೆಂದರೆ ಅದರ ತತ್ವ ಬೇರೆ ಹಿಡಿಕೆಗಳಿಗೂ ಬೇಕು. ಕವಲುಗೊಂಬು ಎಲುಬಿನ ಜಾತಿ. ಹೊರಗೆ ಗಟ್ಟಿ ಚಿಪ್ಪು, ಒಳಗೆ ರಂಧ್ರ ರಂಧ್ರವಾದ ಬೆಂಡು. ಕಡವೆಯ ಕೊಂಬಿನಲ್ಲಿ ಬೆಂಡು ಕಡಿಮೆ, ಚಿಪ್ಪು ದಪ್ಪ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಊರುಗಳ ಚಾಕು ತಯಾರಕರು ಭಾರತದ ಕಡವೆ ಕೊಂಬಿಗಾಗಿ ಕಾಯುತ್ತಿದ್ದದ್ದು ಇದಕ್ಕೇ. ಹಳೆಯ ವಿಧಾನದಲ್ಲಿ ಕೊಂಬನ್ನು ನೀರಿನಲ್ಲಿ ಕುದಿಸಿ, ಬೆಂಡು ಮೆತ್ತಗಾದಾಗ ಬಾಲವನ್ನು ಒತ್ತಿ ತುರುಕುತ್ತಾರೆ. ಒಣಗಿದ ಮೇಲೆ ಬೆಂಡು ಬಾಲವನ್ನು ಕಚ್ಚಿಕೊಳ್ಳುತ್ತದೆ. ಆದರೆ ಬರೀ ಬೆಂಡಿನ ಹಿಡಿತ ಬಾಳುವುದಿಲ್ಲ. ಅಲಗನ್ನು ಪಕ್ಕಕ್ಕೆ ಒತ್ತಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಪುಡಿಯಾಗುತ್ತದೆ. ಈಗ ಅಮೆರಿಕ, ಯುರೋಪಿನಲ್ಲಿ ಕಾನೂನಿನಂತೆ ಕೊಂಬು ಕೊಳ್ಳುವವರು ಬೆಂಡನ್ನು ಕೊರೆದು ತೆಗೆದು, ಒಳಗೋಡೆಗೆ ಮೊದಲು ತೆಳುವಾಗಿ ಎಪಾಕ್ಸಿ ಅಂಟು ಬಳಿದು ಹೀರಲು ಬಿಡುತ್ತಾರೆ. ಆಮೇಲೆ ತೂತು ತುಂಬ ಅಂಟು ಹಾಕಿ ಬಾಲ ಇಳಿಸುತ್ತಾರೆ. ಮೊದಲ ಪದರ ಹಚ್ಚದಿದ್ದರೆ ಉಳಿದ ಬೆಂಡು ಅಂಟನ್ನೆಲ್ಲ ಕುಡಿದು ಬಾಲದ ಸುತ್ತ ಪೊಳ್ಳು ಉಳಿಯುತ್ತದೆ.

ಪ್ರಶ್ನೆ: ಎಮ್ಮೆ ಕೊಂಬಿನಿಂದ ಅಡುಗೆಮನೆ ಚಾಕುವಿಗೆ ಹಿಡಿಕೆ ಮಾಡಬೇಕೆಂದಿದ್ದೇನೆ. ಕೊಂಬು ಆರಿಸುವುದರಿಂದ ಅಂಟಿಸುವವರೆಗೆ ವಿವರವಾಗಿ ತಿಳಿಸಿ.
(ಮಾನ್ವಿ, ರಾಯಚೂರು ಜಿಲ್ಲೆ)

ಸಾಕಿದ ಎಮ್ಮೆಯ ಕೊಂಬಿಗೆ ವನ್ಯಜೀವಿ ಕಾಯ್ದೆಯ ತೊಡಕಿಲ್ಲ. ಆದರೆ ಕಾಯಿಲೆಯ ಭಯ ಇದೆ. ಇದ್ದಕ್ಕಿದ್ದಂತೆ ಸತ್ತ, ಮೂಗು ಬಾಯಿಯಿಂದ ರಕ್ತ ಸುರಿದ ದನದ ಕೊಂಬನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ನೆರಡಿ ರೋಗವಿರಬಹುದು, ಆಂಥ್ರಾಕ್ಸ್ ಎನ್ನುವುದು ಇದನ್ನೇ. ಅದರ ಬೀಜಾಣುಗಳು ಸ್ವಲ್ಪ ಹೊತ್ತು ಕುದಿಸಿದರೆ ಸಾಯುವಂಥವಲ್ಲ, ಕೊಂಬಿನ ಪುಡಿಯ ಜೊತೆ ಉಸಿರಿಗೆ ಹೋದರೆ ಪ್ರಾಣಕ್ಕೇ ಅಪಾಯ. ಎಲ್ಲಿಂದ ಬಂತೆಂದು ಗೊತ್ತಿರುವ ಕೊಂಬನ್ನೇ ತೆಗೆದುಕೊಳ್ಳಿ. ಆಗಲೂ ಕೊರೆಯುವಾಗ, ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕೇ ಬೇಕು.

ಎಮ್ಮೆ ಕೊಂಬು ನಮ್ಮ ಉಗುರಿನ ಜಾತಿ. ಬುಡ ಪೊಳ್ಳು, ತುದಿ ಗಟ್ಟಿ. ಹಿಡಿಕೆಗೆ ಬೇಕಾದದ್ದು ಗಟ್ಟಿ ಭಾಗ. ಬುಡದ ಕಡೆಯಿಂದ ತಂತಿ ಇಳಿಸಿ ಪೊಳ್ಳು ಎಲ್ಲಿಗೆ ನಿಲ್ಲುತ್ತದೆ ಎಂದು ನೋಡಿ, ಹೊರಗೆ ಗುರುತು ಹಾಕಿ, ಅದರಿಂದ 1 ಸೆಂ.ಮೀ. ಮುಂದೆ ಗರಗಸದಿಂದ ಕತ್ತರಿಸಿ. ಹಿಡಿಕೆಗೆ 11ರಿಂದ 12 ಸೆಂ.ಮೀ. ಸಾಕು. ಕತ್ತರಿಸಿದ ತುಂಡನ್ನು ತಕ್ಷಣ ಕೊರೆಯಬೇಡಿ. ಕುದಿಸಿದ ಅಥವಾ ನೀರಲ್ಲಿ ನೆನೆಸಿದ ಕೊಂಬು ಉಬ್ಬಿರುತ್ತದೆ, ಒಣಗುತ್ತಾ ಕುಗ್ಗುತ್ತದೆ. ನೆರಳಿನಲ್ಲಿ ಒಂದೆರಡು ತಿಂಗಳು ಇಟ್ಟು, ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿಗೆ ಇಡುವುದಂತೂ ಬೇಡ, ಸೀಳು ಬಿಡುತ್ತದೆ.

ಈಗ ತೂತು. ಹಿಡಿಕೆ ಸಡಿಲಾದರೆ ಎಲ್ಲರೂ ಅಂಟನ್ನು ಬೈಯುತ್ತಾರೆ, ಆದರೆ ಹತ್ತರಲ್ಲಿ ಒಂಬತ್ತು ಕಡೆ ತಪ್ಪು ತೂತಿನದು. ಬಾಲ 7 ಸೆಂ.ಮೀ. ಉದ್ದ, ಹೆಗಲಿನ ಹತ್ತಿರ 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದೆ ಎಂದುಕೊಳ್ಳಿ. 12 ಮಿ.ಮೀ.ನ ಒಂದೇ ದೊಡ್ಡ ತೂತು ಕೊರೆದು ಅಂಟು ಸುರಿಯುವುದು ಸುಲಭ, ಆದರೆ ಆಗ ಬಾಲದ ಎರಡೂ ಬದಿ 4 ಮಿ.ಮೀ.ಗಿಂತ ದಪ್ಪ ಅಂಟಿನ ಗೋಡೆ ನಿಲ್ಲುತ್ತದೆ. ಗುಂಡಗಿನ ತೂತಾದ್ದರಿಂದ ಹಿಡಿಕೆಯ ಒಳಗೆ ಆ ಅಂಟಿನ ಮುದ್ದೆ ತಿರುಗದಂತೆ ತಡೆಯುವುದೂ ಏನೂ ಇರುವುದಿಲ್ಲ. ಅದರ ಬದಲು 3.5 ಮಿ.ಮೀ.ನ ಮೂರು ತೂತುಗಳನ್ನು ಸಾಲಾಗಿ, ಒಂದಕ್ಕೊಂದು ತಾಗಿದಂತೆ ಕೊರೆಯಿರಿ. ಬಾಲ ತುದಿಗೆ ಹೋದಂತೆ ಸಪೂರವಾಗುವುದರಿಂದ ನಡುವಿನದು 7.5 ಸೆಂ.ಮೀ. ಆಳ, ಅಕ್ಕಪಕ್ಕದವು 4ರಿಂದ 5 ಸೆಂ.ಮೀ. ಇದ್ದರೆ ಸಾಕು. ಅಂಗಡಿಯ ಮಾಮೂಲಿ 3.5 ಮಿ.ಮೀ. ಬಿಟ್ ಅಷ್ಟು ಆಳ ಹೋಗುವುದಿಲ್ಲ. ಉದ್ದದ ಬಿಟ್ ಕೇಳಿ ತನ್ನಿ. ಸಿಗದಿದ್ದರೆ ಸೈಕಲ್ಲಿನ ಸ್ಪೋಕ್ ತುದಿಯನ್ನು ಬಡಿದು ಚಪ್ಪಟೆ ಮಾಡಿ, ಅರದಿಂದ ಈಟಿಯ ಮೊನೆಯಂತೆ ಹರಿತ ಮಾಡಿಕೊಂಡರೆ ಕೊಂಬಿಗೂ ಮರಕ್ಕೂ ಚೆನ್ನಾಗಿ ನಡೆಯುತ್ತದೆ.

ಕೊಂಬನ್ನು ಗೋಣಿಚೀಲದ ತುಂಡು ಸುತ್ತಿ ವೈಸಿಗೆ ಹಿಡಿಸಿ. ಡ್ರಿಲ್ಲಿನ ವೇಗ ಕಡಿಮೆ ಇರಲಿ. ಪ್ರತಿ ಸೆಂಟಿಮೀಟರಿಗೆ ಒಮ್ಮೆ ಬಿಟ್ ಹೊರಗೆಳೆದು ಪುಡಿ ತೆಗೆಯಿರಿ. ಕೂದಲು ಸುಟ್ಟ ವಾಸನೆ ಬಂತೆಂದರೆ ನಿಲ್ಲಿಸಿ, ಆರಲು ಬಿಡಿ. ಕಾದ ಕೊಂಬು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಮೂರು ತೂತುಗಳ ನಡುವೆ ಉಳಿದ ತೆಳು ಗೋಡೆ ತೆಗೆಯಲು ಹಳೆಯ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿನಲ್ಲಿ 6 ಮಿ.ಮೀ. ಅಗಲಕ್ಕೆ ಇಳಿಸಿಕೊಳ್ಳಿ, ಹಲ್ಲಿನ ಕಡೆ ಹಾಗೇ ಇರಲಿ. ಅದಕ್ಕಿಂತ ಒಳ್ಳೆಯ ಸಾಧನ ಈ ಕೆಲಸಕ್ಕಿಲ್ಲ.

ಬಾಲ ಎಲ್ಲಿ ತಗಲುತ್ತಿದೆ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ. ಬಾಲವನ್ನು ಎಣ್ಣೆ ದೀಪದ ಹೊಗೆಗೆ ಹಿಡಿದು ಮಸಿ ಹತ್ತಿಸಿ, ತೂತಿಗೆ ಇಳಿಸಿ ತೆಗೆಯಿರಿ. ಬಾಲದ ಮೇಲೆ ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ಗೋಡೆ ತಗಲುತ್ತಿದೆ. ಅಷ್ಟನ್ನೇ ಕೆರೆದು ಮತ್ತೆ ಮಸಿ ಹಚ್ಚಿ ನೋಡಿ. ನಾಲ್ಕಾರು ಸಲ ಮಾಡಬೇಕಾಗುತ್ತದೆ, ಬೇಸರಪಡಬೇಡಿ. ಕಪ್ಪು ಕೊಂಬಿನ ಒಳಗೆ ಮಸಿ ಕಾಣುವುದಿಲ್ಲ, ಬಾಲದ ಮೇಲೇ ಕಣ್ಣಿಡಿ. ಕೊನೆಗೆ ಬಾಲ ಕೈ ಒತ್ತಡಕ್ಕೆ ಇಳಿದು, ಎರಡೂ ಹೆಗಲು ಹಿಡಿಕೆಯ ಮುಖಕ್ಕೆ ಕೂದಲೆಳೆ ಸಂದಿಯಿಲ್ಲದೆ ಕೂರಬೇಕು. ಸುತ್ತ ಅರ್ಧ ಮಿ.ಮೀ. ಜಾಗ ಉಳಿದರೆ ಅಂಟಿಗೆ ಅಷ್ಟೇ ಸಾಕು. ಕೊಂಬು ಬಾಗಿರುವುದರಿಂದ ಅಲಗಿನ ತುದಿಯಿಂದ ಹಿಡಿಕೆಯ ಬುಡದವರೆಗೆ ದಾರ ಎಳೆದು ಹಿಡಿದು, ಅಲಗು ಒಂದು ಪಕ್ಕಕ್ಕೆ ವಾಲಿಲ್ಲ ಎಂಬುದನ್ನು ಅಂಟು ಹಾಕುವ ಮೊದಲೇ ನೋಡಿಕೊಳ್ಳಿ.

ಅಂಟಿಗೆ ಅರಾಲ್ಡೈಟ್‌ನಂಥ ನಿಧಾನ ಎಪಾಕ್ಸಿ, ಎರಡೂ ಟ್ಯೂಬಿನಿಂದ ಸಮ ಪ್ರಮಾಣ. ಬಾಲವನ್ನು ಒರಟು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಅಂಚುಗಳಲ್ಲಿ ಅರದಿಂದ ನಾಲ್ಕಾರು ಕಚ್ಚು ಹಾಕಿ, ಥಿನ್ನರಿನಿಂದ ಒರೆಸಿ. ಆಮೇಲೆ ಬೆರಳು ತಾಗಿಸಬಾರದು. ಅಲಗಿಗೆ ಸೆಲ್ಲೋಟೇಪ್ ಸುತ್ತಿ. ಮುಚ್ಚಿದ ತೂತಿನ ತಳದಲ್ಲಿ ಗಾಳಿ ಸಿಕ್ಕಿಕೊಂಡರೆ ಅಂಟು ಕೆಳಗೆ ಇಳಿಯುವುದೇ ಇಲ್ಲ. ಮೇಲೆ ತುಂಬಿದಂತೆ ಕಂಡರೂ ಕೆಳಗಿನ ಅರ್ಧ ಖಾಲಿ ಇರುತ್ತದೆ. ಆದ್ದರಿಂದ ಸಣ್ಣ ತಂತಿಯಿಂದ ಅಂಟನ್ನು ತಳಕ್ಕೆ ಮುಟ್ಟಿಸಿ, ಅರ್ಧ ತೂತು ತುಂಬಿದ ಮೇಲೆ ಬಾಲಕ್ಕೂ ಹಚ್ಚಿ, ಮೇಲೆ ಕೆಳಗೆ ಆಡಿಸುತ್ತಾ ಇಳಿಸಿ. ಗುಳ್ಳೆಗಳು ಬಾಯಿಗೆ ಬಂದು ಒಡೆಯುವುದು ಕಾಣುತ್ತದೆ. ಗುಳ್ಳೆ ನಿಂತು ಅಂಟು ಉಕ್ಕಿ ಬಂದರೆ ಒಳಗೆಲ್ಲ ತುಂಬಿದೆ ಎಂದು ತಿಳಿಯಿರಿ. ಉಕ್ಕಿದ್ದನ್ನು ಒರೆಸಿ, ಅಲಗು ಮೇಲಾಗಿ ನೆಟ್ಟಗೆ ನಿಲ್ಲಿಸಿ, ಒಂದು ದಿನ ಅಲುಗಿಸಬೇಡಿ. ಹೊರ ಆಕಾರ ಕೊಡುವ ಉಜ್ಜಾಟವೆಲ್ಲ ಆಮೇಲೆ.

ಪ್ರಶ್ನೆ: ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಹಾಕಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಹಿಡಿಕೆ ಕಳಚಿ ಬಂತು. ಬಾಲಕ್ಕೆ ತುಕ್ಕು ಹಿಡಿದಿತ್ತು. ಅಂಟು ನಕಲಿಯೆ?
(ಬಳ್ಳಾರಿ)

ನಕಲಿ ಎನ್ನಬೇಕಾಗಿಲ್ಲ. ಬೇಗ ಗಟ್ಟಿಯಾಗುವ ಎಪಾಕ್ಸಿ ನೀರು, ಶಾಖ ಎರಡಕ್ಕೂ ನಿಧಾನದ ಎಪಾಕ್ಸಿಗಿಂತ ಸೋಲುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಐದು ನಿಮಿಷವೂ ಕಾಯುವುದಿಲ್ಲ, ತೂತಿನ ತಳ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ತುಕ್ಕು ಎಲ್ಲಿತ್ತು ಎಂದು ನೋಡಿ. ಹೆಗಲಿನ ಹತ್ತಿರ ಮಾತ್ರ ಇದ್ದರೆ ಬಾಯಿಯ ಸಂದಿಯಿಂದ ನೀರು ಇಳಿದಿದೆ. ತುದಿಯಲ್ಲೂ ಇದ್ದರೆ ತಳದಲ್ಲಿ ಪೊಳ್ಳು ಇತ್ತು, ನೀರು ಅಲ್ಲೇ ನಿಂತಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಅಂಟನ್ನು ಒಳಗಿನಿಂದಲೇ ಎಬ್ಬಿಸುತ್ತದೆ.

ಹಳೆಯ ಅಂಟನ್ನು ಮೇಲೆ ಹೇಳಿದ ಹ್ಯಾಕ್ಸಾ ಬ್ಲೇಡಿನಿಂದ ಪೂರ್ತಿ ಕೆರೆದು, ಬಾಲದ ತುಕ್ಕನ್ನು ಹೊಳಪು ಲೋಹ ಕಾಣುವವರೆಗೆ ಉಜ್ಜಿ, ನಿಧಾನದ ಅಂಟಿನಿಂದ ಮತ್ತೆ ಕೂರಿಸಿ. ಪಾತ್ರೆಗಳ ಜೊತೆ ಚಾಕುವನ್ನು ನೀರಿನಲ್ಲಿ ನೆನೆಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ಯಾವ ಅಂಟೂ ಅದಕ್ಕೆ ಬಹುಕಾಲ ತಡೆಯುವುದಿಲ್ಲ.

ಪ್ರಶ್ನೆ: ನೆಲ್ಲು ಕೊಯ್ಯುವ ಕುಡಗೋಲಿಗೆ ಬಳ್ಳಾರಿ ಜಾಲಿಯ ಹಿಡಿಕೆ ಹಾಕಬಹುದೆ? ಬಾಲ ಕಾಯಿಸಿ ಇಳಿಸುವಾಗ ಹಿಡಿಕೆ ಸೀಳುತ್ತದೆ, ಇಲ್ಲವೆ ಅಲಗಿನ ಹದ ಹೋಗುತ್ತದೆ.
(ಸಿರುಗುಪ್ಪ, ಬಳ್ಳಾರಿ ಜಿಲ್ಲೆ)

ಧಾರಾಳವಾಗಿ ಹಾಕಬಹುದು. ಬಳ್ಳಾರಿ ಜಾಲಿ ಹೊಲಕ್ಕೆ ಶತ್ರುವಾದರೂ ಹಿಡಿಕೆಗೆ ಅಪರೂಪದ ಮರ. ಗಟ್ಟಿ, ಭಾರ, ಎಲ್ಲಕ್ಕಿಂತ ಮುಖ್ಯವಾಗಿ ಒಣಗುವಾಗ ಬೇರೆ ಮರಗಳಷ್ಟು ಕುಗ್ಗುವುದಿಲ್ಲ. ಸೌದೆಗೆ, ಇದ್ದಲಿಗೆ ಕಡಿದು ಹಾಕುವ ರಾಶಿಯಲ್ಲೇ ಮಣಿಕಟ್ಟಿನ ದಪ್ಪದ ನೇರ ತುಂಡುಗಳು ಸಿಗುತ್ತವೆ. ಹೊರಗಿನ ಹಳದಿ ಭಾಗಕ್ಕೆ ಹುಳು ಬೀಳುತ್ತದೆ, ಒಳಗಿನ ಕಂದು ತಿರುಳೇ ಬೇಕು. (ಕಿನ್ನಾಳದ ಗೊಂಬೆಗಳಿಗೆ ಬಳಸುವ ಹಗುರ ಮರ ಗೊಂಬೆಗೇ ಸರಿ, ಹಿಡಿಕೆಗೆ ಅದನ್ನು ತರಬೇಡಿ.) 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎರಡೂ ತುದಿಗೆ ಮೇಣ ಅಥವಾ ಹಳೆಯ ಪೇಂಟ್ ಬಳಿದು, ನೆರಳಿನಲ್ಲಿ ಒಣಗಿಸಿ. ತುದಿಗಳು ಬೇಗ ಒಣಗಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಇಲ್ಲೂ ತೂಕ ಇಳಿಯುವುದು ನಿಲ್ಲುವವರೆಗೆ ಕಾಯಬೇಕು.

ಹಿಡಿಕೆ ಸೀಳಲು ಕಾರಣ ಎರಡು: ಅಣಸು (ಹಿಡಿಕೆಯ ತುದಿಗೆ ಬಿಗಿಯುವ ಲೋಹದ ಬಳೆ) ಹಾಕದೆ ಬಾಲ ಇಳಿಸುವುದು, ಮತ್ತು ಬಾಲಕ್ಕಾಗಿ ಮೊದಲೇ ಕೊರೆಯುವ ದಾರಿತೂತು ಚಿಕ್ಕದಾಗಿರುವುದು. ಒನಕೆಗೆ ಹಾಕುವಂಥದ್ದೇ ಅಣಸು ಕುಡಗೋಲಿಗೂ ಬೇಕು. ಅರ್ಧ ಇಂಚಿನ ಜಿ.ಐ. ಪೈಪಿನ 2 ಸೆಂ.ಮೀ. ತುಂಡು ಸಾಕು, ಅದರ ಒಳಗಿನ ಅಗಲ ಸುಮಾರು 16 ಮಿ.ಮೀ. ಮರದ ತುದಿಯನ್ನು ಅದಕ್ಕಿಂತ ಕೂದಲಷ್ಟು ದಪ್ಪ ಉಳಿಸಿ ಕೆತ್ತಿ, ಅಣಸನ್ನು ಬಡಿದು ಕೂರಿಸಿ. ಆಮೇಲೆ ಬಾಲದ ನಡುಭಾಗದ ದಪ್ಪದ ಮುಕ್ಕಾಲರಷ್ಟು ಅಗಲಕ್ಕೆ ದಾರಿತೂತು ಕೊರೆಯಿರಿ.

ಅಲಗಿನ ಹದ ಉಳಿಸಲು ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಹೆಗಲಿನಿಂದ ಆಚೆಗೆ ಬಾಲವೊಂದೇ ಬೆಂಕಿಗೆ ಸಿಗುವಂತೆ ಹಿಡಿಯಿರಿ. ಗೋಣಿ ಒಣಗುತ್ತಾ ಬಂದರೆ ಮತ್ತೆ ನೀರು ಚಿಮುಕಿಸಿ. ಉಜ್ಜಿ ಹೊಳಪಾದ ಅಲಗಿನ ಮೇಲೆ ಬಣ್ಣ ನೋಡಿದರೆ ತಿಳಿಯುತ್ತದೆ. ತಿಳಿಹಳದಿಗೆ ಬಂತೆಂದರೆ 220 ಡಿಗ್ರಿ ಮುಟ್ಟಿದೆ, ನೀಲಿಗೆ ತಿರುಗಿದರೆ 300ರ ಹತ್ತಿರ. ನೀಲಿ ಕಂಡ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ, ಕುಲುಮೆಯಲ್ಲಿ ಮತ್ತೆ ಹದ ಕೊಡಿಸಬೇಕು.

ಬಾಲ ಮಂಕು ಕೆಂಪಾದಾಗ ದಾರಿತೂತಿಗೆ ನೆಟ್ಟಗೆ ಒತ್ತಿ, ಒಂದೆರಡು ಸೆಕೆಂಡಿನಲ್ಲಿ ಹೊರಗೆ ತೆಗೆದು, ಮಸಿ ಉದುರಿಸಿ. ಒಂದೇ ಸಲಕ್ಕೆ ಪೂರ್ತಿ ಇಳಿಸುವುದೇ ಎಲ್ಲರೂ ಮಾಡುವ ತಪ್ಪು. ಬಿಸಿ ಬಾಲ ಒಳಗೇ ಉಳಿದರೆ ಸುತ್ತಲ ಮರ ಇದ್ದಲಾಗುತ್ತದೆ, ಇದ್ದಲಿಗೆ ಹಿಡಿತ ಎಲ್ಲಿಯದು? ಮೂರು ನಾಲ್ಕು ಸಲಕ್ಕೆ ಇಳಿಸಿ, ಕೊನೆಯ 1 ಸೆಂ.ಮೀ. ಬಾಕಿ ಇರುವಾಗ ನಿಲ್ಲಿಸಿ. ಬಾಲ ಪೂರ್ತಿ ಆರಿದ ಮೇಲೆ, ಅಲಗು ಕೆಳಗೆ ಇಳಿಬಿದ್ದಿರುವಂತೆ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು, ಬುಡಕ್ಕೆ ಕೊಡತಿಯಿಂದ ಹೊಡೆಯಿರಿ. ಅಲಗಿಗೆ ದಪ್ಪ ಗೋಣಿ ಸುತ್ತೇ ಇರಲಿ, ಕಾಲು ದೂರವಿರಲಿ. ಒಂದೊಂದು ಏಟಿಗೂ ಹಿಡಿಕೆ ಬಾಲದ ಮೇಲೆ ತಾನೇ ಇಳಿಯುತ್ತದೆ, ಅಲಗಿಗೆ ಒಂದು ಏಟೂ ಬೀಳುವುದಿಲ್ಲ. ಬಾಲ ಹಿಡಿಕೆಯ ಬುಡದಿಂದ ಹೊರಗೆ ಬರುವಷ್ಟು ಉದ್ದವಿದ್ದರೆ ವಾಷರ್ ಹಾಕಿ ತುದಿ ಮಡಚಿ. ಹಾಗೆ ಮಡಚಿದ ಕುಡಗೋಲು ಕೊಯ್ಲಿನ ನಡುವೆ ಕೈಯಿಂದ ಹಾರಿ ಹೋಗುವುದಿಲ್ಲ. ಪಕ್ಕದ ಸಾಲಿನಲ್ಲಿ ಇನ್ನೊಬ್ಬರು ಬಗ್ಗಿ ಕೊಯ್ಯುತ್ತಿರುತ್ತಾರೆ ಎಂಬುದನ್ನು ನೆನೆದರೆ ಈ ಒಂದು ಮಡಿಕೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಪ್ರಶ್ನೆ: ಸಡಿಲಾದ ಹಿಡಿಕೆಯನ್ನು ರಾತ್ರಿ ನೀರಲ್ಲಿ ಹಾಕಿಟ್ಟರೆ ಬೆಳಗ್ಗೆ ಬಿಗಿಯಾಗುತ್ತದೆ. ಇದು ಸರಿಯೆ?
(ಗಂಗಾವತಿ, ಕೊಪ್ಪಳ ಜಿಲ್ಲೆ)

ಆ ದಿನಕ್ಕೆ ಸರಿ. ನೀರು ಕುಡಿದ ಮರ ಉಬ್ಬುತ್ತದೆ, ಆದರೆ ಹೊರಗೆ ಅಣಸು, ಒಳಗೆ ಬಾಲ ಇರುವುದರಿಂದ ಉಬ್ಬಲು ಜಾಗವಿಲ್ಲದೆ ಅದರ ಎಳೆಗಳು ಅಲ್ಲೇ ಜಜ್ಜಿಹೋಗುತ್ತವೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ಪ್ರತಿ ರಾತ್ರಿ ನೆನೆಸಬೇಕಾದ ಸ್ಥಿತಿ ಬರುವುದು ಹೀಗೇ. ಬಾಲ ತೆಗೆದು, ಒಣಗಿದ ಬಿದಿರಿನ ತೆಳು ಸೀಳುಗಳನ್ನು ಅಂಟು ಹಚ್ಚಿ ಎರಡೂ ಬದಿಗೆ ಇಟ್ಟು ಮತ್ತೆ ಬಡಿದು ಕೂರಿಸಿ.

ಪ್ರಶ್ನೆ: ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿದ ಚಾಕು ಹಿಡಿಕೆಯ ಬಾಯಲ್ಲೇ ಮುರಿಯಿತು. ಎರಡನೇ ಸಲ ಹೀಗಾಗುತ್ತಿದೆ.
(ಲಿಂಗಸುಗೂರು, ರಾಯಚೂರು ಜಿಲ್ಲೆ)

ಮುರಿದ ಜಾಗದಲ್ಲಿ ಹೆಗಲಿನ ಒಳಮೂಲೆ ಹೇಗಿದೆ ನೋಡಿ. ಮೂಲೆಮಟ್ಟ ಇಟ್ಟು ಕತ್ತರಿಸಿದಂತೆ ಚೂಪಾಗಿದ್ದರೆ ಅದೇ ಕಾರಣ. ಬಿರುಕು ಅಲ್ಲಿ ಹುಟ್ಟಿ ಅಡ್ಡಕ್ಕೆ ಓಡುತ್ತದೆ. ಹದ ಕೊಡುವ ಮೊದಲೇ ದುಂಡು ಅರದಿಂದ ಆ ಮೂಲೆಗೆ 2 ಮಿ.ಮೀ.ನಷ್ಟು ಗುಂಡು ಕೊಡಬೇಕು. ಹಿಡಿಕೆಯ ತೂತಿನ ಬಾಯನ್ನೂ ಅಷ್ಟೇ ಅಗಲಿಸಬೇಕು, ಇಲ್ಲದಿದ್ದರೆ ಹೆಗಲು ಪೂರ್ತಿ ಕೂರುವುದಿಲ್ಲ. ಎರಡನೆಯದಾಗಿ, ನೀರಿಗೆ ಅದ್ದುವಾಗ ಅಲಗಿನ ಜೊತೆ ಬಾಲವನ್ನೂ ಅದ್ದಿದ್ದರೆ ಅದು ಗಾಜಿನಂತೆ ಪೆಡಸಾಗಿರುತ್ತದೆ. ಬಾಲಕ್ಕೆ ಬೇಕಾದದ್ದು ಗಟ್ಟಿತನವಲ್ಲ, ಬಾಗಿ ಮರಳುವ ಗುಣ. ಅಲಗನ್ನು ಒದ್ದೆ ಬಟ್ಟೆಯಲ್ಲಿಟ್ಟು ಬಾಲವನ್ನು ಮಾತ್ರ ನೀಲಿ ಬರುವವರೆಗೆ ಕಾಯಿಸಿ, ತಾನಾಗಿ ಆರಲು ಬಿಡಲು ಹೇಳಿ. ಅರ ಹಾಕಿ ನೋಡಿದರೆ ಕಚ್ಚಬೇಕು. ಜಾರಿದರೆ ಇನ್ನೂ ಪೆಡಸಿದೆ.

ಪ್ರಶ್ನೆ: ಹಿಂದೆ ಅಂಟಿಲ್ಲದ ಕಾಲದಲ್ಲಿ ಏನು ಹಾಕುತ್ತಿದ್ದರು? ಅದು ಈಗ ಮಾಡಲು ಬರುತ್ತದೆಯೆ?
(ಕುಷ್ಟಗಿ, ಕೊಪ್ಪಳ ಜಿಲ್ಲೆ)

ಅರಗು ಇಲ್ಲವೆ ರಾಳ. ಐದು ಭಾಗ ರಾಳದ ಪುಡಿಗೆ ಒಂದು ಭಾಗ ಜೇನುಮೇಣ, ಒಂದೂವರೆ ಭಾಗ ಬಟ್ಟೆಯಲ್ಲಿ ಸೋಸಿದ ಇಟ್ಟಿಗೆ ಪುಡಿ. ಸಣ್ಣ ಉರಿಯಲ್ಲಿ ಕರಗಿಸಿ, ಕುದಿಸಬೇಡಿ. ರಾಳ ಬೆಂಕಿ ಹಿಡಿಯುವ ವಸ್ತು, ಮುಚ್ಚಳ ಕೈಗೆಟುಕುವಂತಿರಲಿ. ಮೇಣ ಕಡಿಮೆಯಾದರೆ ಗಾಜಿನಂತೆ ಒಡೆಯುತ್ತದೆ, ಹೆಚ್ಚಾದರೆ ಬಿಸಿಲಿಗೆ ಮೆತ್ತಗಾಗುತ್ತದೆ. ಒಂದು ಹನಿಯನ್ನು ಕಲ್ಲಿನ ಮೇಲೆ ಆರಿಸಿ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ಗುರುತು ಬಿದ್ದು ಒಡೆಯದಿದ್ದರೆ ಹದವಾಗಿದೆ. ತೂತಿಗೆ ಸುರಿದು, ಬಾಲವನ್ನು ಕೈಗೆ ಚುರುಕು ಮುಟ್ಟುವಷ್ಟು ಬಿಸಿ ಮಾಡಿ ಇಳಿಸಿ. ತಣ್ಣಗಿನ ಬಾಲಕ್ಕೆ ರಾಳ ಹತ್ತುವುದಿಲ್ಲ.

ಇದರ ದೊಡ್ಡ ಗುಣ ಬಿಚ್ಚಲು ಬರುವುದು: ಅಲಗು ಸವೆದಾಗ ಬಾಲ ಬಿಸಿ ಮಾಡಿದರೆ ಹಿಡಿಕೆ ಕೆಡದೆ ಕೈಗೆ ಬರುತ್ತದೆ. ದೋಷವೂ ಅದೇ. ಮೇ ತಿಂಗಳ ಮಧ್ಯಾಹ್ನ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಇಟ್ಟ ಚಾಕುವಿನ ಹಿಡಿಕೆ ಅಲುಗಾಡತೊಡಗುತ್ತದೆ. ಮನೆಯೊಳಗಿನ ಚಾಕುವಿಗೆ ರಾಳ, ಹೊಲದ ಸಾಮಾನಿಗೆ ಎಪಾಕ್ಸಿ ಎಂಬುದು ನಮ್ಮ ಸಲಹೆ.

ಪ್ರಶ್ನೆ: ಮುಗಿದ ಹಿಡಿಕೆಗೆ ಯಾವ ಎಣ್ಣೆ ಹಚ್ಚಬೇಕು?
(ಕಂಪ್ಲಿ, ಬಳ್ಳಾರಿ ಜಿಲ್ಲೆ)

ಮರದ ಹಿಡಿಕೆಗೆ ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಒಣಗುವುದಿಲ್ಲ, ಕೈಗೆ ಜಿಡ್ಡು ಹತ್ತುತ್ತದೆ, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಬಳಿದು, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ, ಎರಡು ಮೂರು ದಿನ ಒಣಗಿಸಿ ಮತ್ತೆ ಬಳಿಯಿರಿ. ಮೂರು ಸಲ ಸಾಕು. ಕೊಂಬಿನ ಹಿಡಿಕೆಗೆ ಮಾತ್ರ ಬೇಸಿಗೆಯಲ್ಲಿ ಆಗಾಗ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಿಕ್ಕಿ ಒರೆಸಿದರೆ ಬಿರುಕು ತಡೆಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಹಗ್ಗದ ಮೇಲೆ ಬಿಡಿಸಿ ಒಣಹಾಕಿ.